ಹೊಸ ಆಂಡ್ರಾಯ್ಡ್ ಫೋನ್ ತೊಗೊಂಡೀನಿ, ನಮ್ಮ ಬಿಸಲಾಗ ಚಾರ್ಜ್ ನಿಲ್ಲಲಕತ್ತದ. ಬದಲಿ ಮಾಡಿಸ್ಲೋ, ಇಟ್ಗೊಳ್ಲೋ?

ಭೀಮಾ ದಂಡಿ
ಎಲ್ಲಾರಿಗೂ ನಮಸ್ಕಾರ್ರಿ. ಹೋದ ವಾರ ಕಲಬುರಗಿ ಸೂಪರ್ ಮಾರ್ಕೆಟ್‌ನಾಗ ಹೊಸ ಫೋನ್ ತೊಗೊಂಡೆ. ಕಂಪನಿ ಹೆಸರು ಬರಿಯೋದಿಲ್ಲ, ಬರದ್ರ ಪೂರಾ ಚರ್ಚಾ ಕಂಪನಿ ಮ್ಯಾಲೇ ಹೋಗ್ತದ. ಹದಿನೆಂಟು ಸಾವಿರದ ಒಳಗಿಂದು. 5ಜಿ, 8 ಜಿಬಿ ರ್‍ಯಾಮ್, 128 ಜಿಬಿ ಸ್ಟೋರೇಜ್, ಡೈಮೆನ್ಸಿಟಿ 7300 ಪ್ರೊಸೆಸರ್, ಅಮೋಲೆಡ್ ಡಿಸ್‌ಪ್ಲೇ, ಫಾಸ್ಟ್ ಚಾರ್ಜರ್ ಡಬ್ಬಿಯೊಳಗೇ ಬಂದಾದ.

ಮೊದಲ ಛಲೋ ಇದ್ದದ್ದು ಹೇಳ್ತೀನಿ. ಕೈಯಾಗ ಹಗರ ಅದ. ಹಳೀ ಫೋನ್‌ನಾಗ ವಾಟ್ಸಾಪ್ ತೆರಿಯೋತನಕ ಕಾಯಬೇಕಾಗ್ತಿತ್ತು, ಇದರಾಗ ಬಟ್ಟು ಮುಟ್ಟಿದ ಕೂಡಲೇ ತೆರೀತದ. ಸ್ಪೀಕರ್ ಜೋರು, ಹೊರಗ ಗದ್ದಲ ಇದ್ರೂ ಮಾತು ಸ್ವಚ್ಛ ಕೇಳಸ್ತದ. ಕಲಬುರಗಿಯ ಅಪ್ಪನ ಕೆರಿ ದಂಡಿಗೆ ಸಂಜಿಮುಂದ ಒಂದು ಫೋಟೋ ತೆಗದೆ, ನೀರಾಗಿನ ಬಣ್ಣ ಹ್ಯಾಂಗಿತ್ತೋ ಹಂಗೇ ಬಂತು. ಪೂರಾ ಫೋನ್ ಕನ್ನಡದಾಗ ಇಟ್ಟೀನಿ. ನಮ್ಮಪ್ಪ ಕನ್ನಡಕ ಹಾಕ್ಕೊಂಡು ಸೆಟ್ಟಿಂಗ್ಸ್ ತಾನೇ ಓದಿ ಅಕ್ಷರ ದೊಡ್ಡವು ಮಾಡ್ಕೊಂಡ, ನನಗ ಕೇಳಲೇ ಇಲ್ಲ.

ಈಗ ತಕರಾರು. ನಮ್ಮೂರು ಅಫಜಲಪುರ ತಾಲೂಕು, ಮನಿ ಪತ್ರಾಸಿಂದು, ಅಂದ್ರ ತಗಡಿನ ಚಾವಣಿ. ಮಧ್ಯಾನ ಚಾರ್ಜಿಗೆ ಹಚ್ಚಿದ್ರ ಅರ್ಧಕ್ಕೇ ನಿಂತು, ಫೋನ್ ಭಾಳ ಬಿಸಿ ಆಗ್ಯಾದ, ತಣ್ಣಗಾದ ಮ್ಯಾಲ ಚಾರ್ಜ್ ಆಗ್ತದ ಅಂತ ತೋರಸ್ತದ. ಎರಡನೇದು, ಹೊಲದಾಗ ಬಾಂದಿನ ಮ್ಯಾಲ ನಿಂತು ದಿಶಾಂಕ್ ಆ್ಯಪ್‌ನಾಗ ಸರ್ವೆ ನಂಬರ್ ನೋಡ್ಲಕ ಹೋದ್ರ ಸ್ಕ್ರೀನ್ ತಾನೇ ಮಬ್ಬಾಗ್ತದ. ಬ್ರೈಟ್‌ನೆಸ್ ಪೂರಾ ಏರಿಸಿದ್ರೂ ಅಷ್ಟೇ. ಮೂರನೇದು, ಫೋನ್ ಲಾಕ್ ತೆರಿಯೋ ಸೆನ್ಸರ್ ನಮ್ಮವ್ವನ ಬಟ್ಟಿನ ಗುರ್ತು ತೊಗೊಳಲ್ಲ.

ಅಂಗಡ್ಯಾಂವ ಏನೂ ಆಗಿಲ್ಲ ಅಂತಾನ. ಗೆಳೆಯ ಪೀಸೇ ಖರಾಬ್ ಅದ, ಬದಲಿ ಮಾಡಿಸು ಅಂತಾನ. ತಿಳದಾವ್ರು ಹೇಳ್ರಿ.

ಬಹಮನಿ ಕೋಟೆ
ಪೀಸ್ ಖರಾಬ್ ಅದ, ಸುಮ್ನ ಬದಲಿ ಮಾಡಿಸ್ರಿ. ನಂದೂ ಇದೇ ಪ್ರೊಸೆಸರ್ ಇರೋ ಫೋನ್, ಬೀದರ್‌ನಾಗ ಒಂದು ದಿನಾನೂ ಚಾರ್ಜ್ ನಿಂತಿಲ್ಲ.

ಸೇಡಂ ರೋಡ್
ಅಭಿನಂದನೆ ತಮ್ಮಾ. ಬಿಲ್ ಪಕ್ಕಾ ತೊಗೊಂಡಿಯೋ ಇಲ್ಲೋ ಮೊದಲ ಹೇಳು. ಜಿಎಸ್‌ಟಿ ಬಿಲ್ ಇಲ್ಲಂದ್ರ ಬದಲಿಗೂ, ವಾರಂಟಿಗೂ ತ್ರಾಸು ಆಗಬಹುದು.

ಭೀಮಾ ದಂಡಿ
ಬಿಲ್ ಅದ ಅಣ್ಣಾ. ಅದರ ಮ್ಯಾಲ ಫೋನಿನ ಗುರ್ತಿನ ಐಎಂಇಐ ನಂಬರೂ ಬರಸ್ಕೊಂಡೀನಿ.

ರಿಪೇರಿ ಟೇಬಲ್
ನಾನು ಕಲಬುರಗಿಯಾಗೇ ಮೊಬೈಲ್ ರಿಪೇರಿ ಮಾಡ್ತೀನಿ. ಏಪ್ರಿಲ್ ಹತ್ತಿತಂದ್ರ ನನ್ನ ಟೇಬಲ್‌ಗೆ ದಿನಾ ಇದೇ ತಕರಾರು ಬರ್ತದ, ಸ್ವಲ್ಪ ಬಿಡಿಸಿ ಹೇಳ್ತೀನಿ.

ಫೋನ್‌ನಾಗ ಇರೋದು ಲಿಥಿಯಂ ಬ್ಯಾಟರಿ. ಅದು ಸುಮಾರು 45 ಡಿಗ್ರಿ ದಾಟಿದ ಮ್ಯಾಲ ಚಾರ್ಜ್ ಮಾಡಿದ್ರ ಒಳಗ ಕೆಡ್ತದ, ಉಬ್ಬೋ ಅಪಾಯನೂ ಅದ. ಅದಕ್ಕೇ ಫೋನ್ ಮೊದಲ ಚಾರ್ಜಿಂಗ್ ನಿಧಾನ ಮಾಡ್ತದ, ಆಮ್ಯಾಲ ಪೂರಾ ನಿಲ್ಲಸ್ತದ. ಸ್ಯಾಮ್‌ಸಂಗ್, ಆಪಲ್ ಎರಡೂ ತಮ್ಮ ಫೋನ್ 0 ರಿಂದ 35 ಡಿಗ್ರಿ ಹವಾದಾಗ ಬಳಸ್ರಿ ಅಂತ ಬರದಾವ. ನಮ್ಮಲ್ಲಿ ಮೇ ತಿಂಗಳಾಗ ನೆರಳಾಗೇ 42, 43 ಇರ್ತದ. ಪತ್ರಾಸಿನ ಕೆಳಗ ಇನ್ನೂ ಹೆಚ್ಚು. ಅಂದ್ರ ಚಾರ್ಜಿಗೆ ಹಚ್ಚೋಕಿಂತ ಮೊದಲೇ ಫೋನ್ 40ರ ಮ್ಯಾಲ ಕುಂತಿರ್ತದ. ಅದಕ್ಕ ಫಾಸ್ಟ್ ಚಾರ್ಜರ್ ಹಚ್ಚಿದ್ರ ಐದು ಡಿಗ್ರಿ ಏರೋದು ಎಷ್ಟೊತ್ತಿನ ಮಾತು?

ಹಂಗಾಗಿ ಚಾರ್ಜ್ ನಿಲ್ಲೋದು ರೋಗ ಅಲ್ಲ, ಫೋನ್ ತನ್ನ ಜೀವ ತಾನು ಉಳಿಸ್ಕೊಳ್ಳೋ ಪರಿ. ಬಿಸಿ ಆದ್ರೂ ನಿಲ್ಲಲಾರದ ಫೋನ್ ಬಂದ್ರ ನನಗ ಹೆಚ್ಚು ಅಂಜಿಕಿ.

ಬಹಮನಿ ಕೋಟೆ
ಹಂಗಿದ್ರ ನಂದ್ಯಾಕ ನಿಲ್ಲಲ್ಲ? ಬೀದರ್‌ನಾಗ ಬಿಸಲಿಲ್ಲೇನು?

ರಿಪೇರಿ ಟೇಬಲ್
ಬಿಸಲದ ಅಣ್ಣಾ, ಆದ್ರ ನಿಮ್ಮ ಬೀದರ್ ಕಲಬುರಗಿಕಿಂತ ಸುಮಾರು ಇನ್ನೂರು ಮೀಟರ್ ಎತ್ತರದಾಗ ಅದ. ಬ್ಯಾಸಗಿಯಾಗ ಎರಡು ಮೂರು ಡಿಗ್ರಿ ಫರಕ ಬೀಳ್ತದ. ಗಡಿ ಮ್ಯಾಲ ನಿಂತ ಬ್ಯಾಟರಿಗೆ ಅಷ್ಟು ಫರಕ ಸಾಕು. ಮತ್ತ ನೀವು ಆರ್‌ಸಿಸಿ ಮನಿಯಾಗ ಚಾರ್ಜ್ ಮಾಡ್ತಿರಬೇಕು, ಇವ್ರದ್ದು ಪತ್ರಾಸು.

ಬಹಮನಿ ಕೋಟೆ
ಮನಿ ಆರ್‌ಸಿಸಿನೇ. ಆದ್ರೂ ಹೊಸ ಫೋನ್ ತೊಗೊಂಡ ವಾರದಾಗೇ ಮನ್ಯಾಗ ಕುಂತು ಚಾರ್ಜ್ ಮಾಡ್ಲಕ ಬರಲ್ಲಂದ್ರ ರೊಕ್ಕ ಕೊಟ್ಟಾಂವ ಯಾಕ ಸುಮ್ನಿರಬೇಕು? ಕಂಪನಿಯವ್ರು ಈ ದೇಶದಾಗ ಮಾರ್ತಾರಂದ್ರ ಈ ದೇಶದ ಬಿಸಲಿಗೆ ತಾಳೋ ಹಂಗ ಮಾಡಿ ಮಾರಬೇಕು.

ತೊಗರಿ ರಾಶಿ
ಈ ಮಾತು ಬರಾಬರಿ ಅದ. ಜಾಹೀರಾತಿನಾಗ ಅರ್ಧ ತಾಸಿನಾಗ ಪೂರಾ ಚಾರ್ಜ್ ಅಂತ ಬರೀತಾರ. ಎಷ್ಟು ಡಿಗ್ರಿಯಾಗ ಅಂತ ಬರಿಯೋದು ಕೆಳಗ, ಇರಬಿ ಅಕ್ಷರದಾಗ. ನಮ್ಮ ಕಡಿ ವರ್ಷದಾಗ ಮೂರು ತಿಂಗಳು ಆ ಮಾತು ನಡಿಯೋದಿಲ್ಲ.

ರಿಪೇರಿ ಟೇಬಲ್
ಅದು ಒಪ್ತೀನಿ. ಕಂಪನಿಗೆ ಕೇಳೋದು ಬ್ಯಾರೆ, ಈ ಪೀಸ್ ಖರಾಬ್ ಅದನೋ ಇಲ್ಲೋ ಅನ್ನೋದು ಬ್ಯಾರೆ. ಪೀಸ್ ನೋಡೋದು ಹಿಂಗ: ಬೆಳಿಗ್ಗಿ ಐದು ಗಂಟೆಕ್ಕ, ತಂಪಿದ್ದಾಗ, ಕವರ್ ತೆಗದು, ಏರೋಪ್ಲೇನ್ ಮೋಡ್ ಹಾಕಿ, ಡಬ್ಬಿಯೊಳಗಿನ ಚಾರ್ಜರಿಗೇ ಹಚ್ಚು. ನಿಲ್ಲದಂಗ ತುಂಬಿದ್ರ ಫೋನ್ ಚೊಕ್ಕ ಅದ. ತಂಪಿನಾಗೂ ನಿಂತ್ರ, ಇಲ್ಲ ಏನೂ ಮಾಡದೇ ಕಿಸೆಯಾಗಿದ್ದಾಗೂ ಬಿಸಿ ಆದ್ರ, ಅವತ್ತೇ ಬಿಲ್ ಹಿಡ್ಕೊಂಡು ಸರ್ವಿಸ್ ಸೆಂಟರಿಗೆ ಹೋಗು, ತಡ ಮಾಡಬ್ಯಾಡ.

ಫರಸಿ ಕಲ್ಲು
ಶಹಾಬಾದಿಂದ. ನನ್ನ ಅನುಭವ ಹೇಳ್ತೀನಿ. ಮಧ್ಯಾನ ಚಾರ್ಜ್ ಮಾಡ್ಲೇಬೇಕಂದ್ರ ಕವರ್ ತೆಗದು ಫೋನ್ ಬೋರಲು ಹಾಕಿ ಬರೇ ಫರಸಿ ನೆಲದ ಮ್ಯಾಲ ಇಡ್ರಿ, ಹಿಂದಿನ ಬಾಜು ಗಾಳಿಗೆ ಇರಬೇಕು, ಫ್ಯಾನ್ ಅದರ ಕಡಿ ತಿರುವ್ರಿ. ಕೌದಿ ಮ್ಯಾಲ, ದಿಂಬಿನ ಬುಡಕ ಇಡೋದು ಬ್ಯಾಡೇ ಬ್ಯಾಡ. ಹಳೀ ಸಣ್ಣ 10 ವ್ಯಾಟ್ ಚಾರ್ಜರ್ ಇದ್ರ ಅದೇ ಹಚ್ಚ್ರಿ, ನಿಧಾನ ಆಗ್ತದ ಖರೇ, ಬಿಸಿ ಕಡಿಮಿ.

ಸುರಪುರ ಸೀಮಿ
ಫ್ರಿಜ್‌ನಾಗ ಐದು ನಿಮಿಷ ಇಟ್ಟು ತೆಗದ್ರ ಮಸ್ತ್ ತಣ್ಣಗಾಗ್ತದ, ನಾನು ಹಂಗೇ ಮಾಡ್ತೀನಿ.

ರಿಪೇರಿ ಟೇಬಲ್
ಅಣ್ಣಾ, ಕೈಮುಗಿತೀನಿ, ಅದೊಂದು ಮಾಡಬ್ಯಾಡ್ರಿ. ಫ್ರಿಜ್‌ನಿಂದ ತೆಗದು ಹೊರಗಿನ ಬಿಸಿ ಗಾಳಿಗೆ ತಂದ ಕೂಡಲೇ ಒಳಗ ಹನಿ ಕಟ್ತದ. ಬೋರ್ಡ್ ಮ್ಯಾಲ ಹಸರು ಜಂಗು ಹಿಡದ ಫೋನ್ ನನ್ನ ಕಡಿ ಬರ್ತಾವ. ನೀರು ಹೊಕ್ಕಿದ್ದಕ್ಕ ಕಂಪನಿ ವಾರಂಟಿ ಕೊಡಲ್ಲ.

ಸುರಪುರ ಸೀಮಿ
ಸರಿ ಅಣ್ಣಾ, ಇವತ್ತಿಂದ ಬಂದ್. ಆ ಸ್ಕ್ರೀನ್ ಮಬ್ಬಾಗೋದು ಯಾಕ ಅಂತ ಯಾರೂ ಹೇಳಲಿಲ್ಲಲ್ಲ. ನಂದೂ ಆಗ್ತದ.

ಬೆಂಗಳೂರಾಗ ಕಲಬುರಗಿ
ನಾನು ಹೇಳ್ತೀನಿ. ಅಂಗಡಿಯಲ್ಲಿ ಇಷ್ಟು ಸಾವಿರ ನಿಟ್ಸ್ (ಸ್ಕ್ರೀನ್ ಬೆಳಕಿನ ಅಳತೆ) ಅಂತ ಹೇಳ್ತಾರಲ್ಲ, ಅದು ಸ್ಕ್ರೀನಿನ ಒಂದು ಸಣ್ಣ ಭಾಗಕ್ಕೆ, ಸ್ವಲ್ಪ ಹೊತ್ತಿಗೆ ಮಾತ್ರ ಸಿಗೋ ಬೆಳಕು. ಪೂರ್ತಿ ಸ್ಕ್ರೀನಿಗೆ ಬಿಸಿಲಲ್ಲಿ ಸಿಗೋದು ಇನ್ನೊಂದು ಲೆಕ್ಕ, ಅದನ್ನ ಹೈ ಬ್ರೈಟ್‌ನೆಸ್ ಮೋಡ್ ಅಂತ ಬೇರೆ ಬರೆದಿರ್ತಾರೆ. ಬಹಳ ಫೋನುಗಳಲ್ಲಿ ಇದು ಆಟೋ ಬ್ರೈಟ್‌ನೆಸ್ ಆನ್ ಇದ್ರೆ ಮಾತ್ರ ಕೆಲಸ ಮಾಡತ್ತೆ. ಕೈಯಿಂದ ಎಷ್ಟು ಏರಿಸಿದ್ರೂ ಅಲ್ಲಿಗೆ ಹೋಗಲ್ಲ. ಎರಡನೇ ಕಾರಣ ಮತ್ತೆ ಶಾಖವೇ. ಫೋನ್ ಬಿಸಿಯಾದ್ರೆ ಮೊದಲು ಸ್ಕ್ರೀನ್ ಬೆಳಕು ಇಳಿಸತ್ತೆ.

ಆಟೋ ಹಾಕಿ, ಫೋನನ್ನು ನೆರಳಲ್ಲಿ ಇಟ್ಟುಕೊಂಡು ಹೋಗಿ, ಬೇಕಾದಾಗ ಮಾತ್ರ ಹೊರಗೆ ತೆಗೆದು ನೋಡಿ. ಡಾರ್ಕ್ ಮೋಡ್ ಇದ್ರೆ ಹೊಲದಲ್ಲಿ ಆಫ್ ಮಾಡಿ, ಬಿಸಿಲಲ್ಲಿ ಬಿಳಿ ಹಿನ್ನೆಲೆ ಮೇಲೆ ಕಪ್ಪು ಅಕ್ಷರವೇ ಚೆನ್ನಾಗಿ ಕಾಣೋದು.

ತೊಗರಿ ರಾಶಿ
ಇದು ಉಪಯೋಗದ ಮಾತು. ಬೆಳೆ ಸಮೀಕ್ಷೆ ಆ್ಯಪ್‌ನಾಗ ಹೊಲದೊಳಗೇ ನಿಂತು ಬೆಳಿ ಫೋಟೋ ತೆಗೀಬೇಕು, ಮನ್ಯಾಗ ಕುಂತು ತೆಗದ್ರ ಜಿಪಿಎಸ್ ಒಪ್ಪಲ್ಲ. ಅವಾಗ ಸ್ಕ್ರೀನ್ ಕಾಣಲಿಲ್ಲಂದ್ರ ತೊಗರಿ ಇದ್ದಲ್ಲಿ ಹತ್ತಿ ಅಂತ ಒತ್ತಿ ಬರ್ತೀವಿ. ಆಮ್ಯಾಲ ಬೆಳೆ ಪರಿಹಾರ, ಬೆಂಬಲ ಬೆಲಿ, ಎಲ್ಲದಕ್ಕೂ ಅದೇ ದಾಖಲಿ ನೋಡ್ತಾರ. ನನಗ ಕೇಳಿದ್ರ ನಮ್ಮ ಕಡಿ ರೈತ ಫೋನ್ ತೊಗೊಳೋವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳೋದು ಬಿಟ್ಟು, ಅಂಗಡಿ ಹೊರಗ ಬಿಸಲಾಗ ನಿಂತು ಸ್ಕ್ರೀನ್ ನೋಡಬೇಕು. ಒಳಗ ಟ್ಯೂಬ್‌ಲೈಟ್ ಕೆಳಗ ಎಲ್ಲಾ ಫೋನೂ ಛಂದೇ ಕಾಣ್ತಾವ.

ಭೀಮಾ ದಂಡಿ
ಕಾಕಾ, ಇದನ್ನೇ ನಾನು ಹೇಳ್ಬೇಕಂತಿದ್ದೆ. ಯೂಟ್ಯೂಬ್‌ನಾಗ ನೂರಾರು ರಿವ್ಯೂ ಅವ, ಎಲ್ಲಾ ಎಸಿ ರೂಮಿನಾಗ ಮಾಡಿದ್ವು. ಗೇಮ್ ಹಚ್ಚಿ ಎಷ್ಟು ಫ್ರೇಮ್ ಬರ್ತಾವ ಅಂತ ತೋರಸ್ತಾರ. ಮೇ ತಿಂಗಳಾಗ ಕಲಬುರಗಿಯೊಳಗ ಫೋನ್ ಹ್ಯಾಂಗ ನಡೀತದ ಅಂತ ಒಬ್ರೂ ತೋರಸಲ್ಲ. ನಾವೇ ಬರೀಬೇಕು, ಅದಕ್ಕೇ ಇಲ್ಲಿ ಹಾಕೀನಿ.

ಜೇವರ್ಗಿ ಟೀಚರ್
ನಿಮ್ಮ ತಾಯಿಯವರ ಬಟ್ಟಿನ ಮಾತಿಗೆ ಬರ್ತೀನಿ. ನಮ್ಮತ್ತಿಯವರದ್ದೂ ಹಿಂಗೇ ಇತ್ತು. ದಿನಾ ಬೆಳಿಗ್ಗಿ ರೊಟ್ಟಿ ಬಡೀತಾರ. ಬಿಸಿ ನೀರಾಗ ಜೋಳದ ಹಿಟ್ಟು ನಾದೋದು, ಬಡಿಯೋದು, ಹಂಚಿನ ಮ್ಯಾಲಿನ ರೊಟ್ಟಿ ಕೈಲೇ ತಿರುವೋದು. ಅವರ ಹೆಬ್ಬಟ್ಟು ಹಿಡಿದು ನೋಡಿದೆ, ತುದಿ ಮ್ಯಾಲ ಗೆರಿನೇ ಇಲ್ಲ, ಹೊಳೀತಿತ್ತು. ಸೆನ್ಸರ್ ಗೆರಿ ನೋಡಿ ಗುರ್ತು ಹಿಡಿಯೋದು, ಗೆರಿ ಸವದಿದ್ರ ಅದಾದ್ರೂ ಏನು ಮಾಡ್ಬೇಕು? ರೇಷನ್ ಅಂಗಡಿಯಾಗೂ ಇವರಿಗೆ ಇದೇ ತ್ರಾಸು.

ನಾವು ಮಾಡಿದ್ದು ಹೇಳ್ತೀನಿ. ಎಡಗೈ ಉಂಗುರ ಬಟ್ಟು ಕಮ್ಮಿ ಸವದಿರ್ತದ. ಕೈ ತೊಳದು, ಸ್ವಲ್ಪ ಕೊಬ್ಬರಿ ಎಣ್ಣಿ ಹಚ್ಚಿ ಒರಸಿ, ಆ ಬಟ್ಟನ್ನೇ ಎರಡು ಸಲ ಬ್ಯಾರೆ ಬ್ಯಾರೆಯಾಗಿ ಸೇರಿಸಿದ್ವಿ. ಒಂದು ಸಲ ನೆಟ್ಟಗ, ಇನ್ನೊಂದು ಸಲ ಅಂಚು ಒತ್ತಿ. ಈಗ ಬಹುತೇಕ ತೆರೀತದ.

ಸೇಡಂ ರೋಡ್
ಅಕ್ಕೋರ ಹೇಳಿದ್ದು ಖರೇ. ಇನ್ನೊಂದು, ಸ್ಕ್ರೀನ್ ಒಳಗಿನ ಸೆನ್ಸರ್‌ಕಿಂತ ಬಾಜೂಕಿನ ಪವರ್ ಬಟನ್ ಮ್ಯಾಲಿನ ಸೆನ್ಸರ್ ನಮ್ಮ ಮನ್ಯಾಗ ಹಿರಿಯರಿಗೆ ಛಲೋ ನಡೀತದ. ಸ್ಕ್ರೀನ್ ಮ್ಯಾಲ ದಪ್ಪನ ಗಾಜು ಹಚ್ಚಿಸಿದ್ರ ಒಳಗಿನ ಸೆನ್ಸರ್ ಇನ್ನಷ್ಟು ತಪ್ಪತದ. ಗಾಜು ಹಚ್ಚಿಸಿದ ಮ್ಯಾಲ ಬಟ್ಟು ಹೊಸದಾಗಿ ಸೇರಿಸಬೇಕು, ಭಾಳ ಮಂದಿ ಸೇರಸಲ್ಲ.

ಸುರಪುರ ಸೀಮಿ
ಮುಖ ತೋರಿಸಿ ತೆರಿಯೋದು ಇಡ್ರಿ, ಬಟ್ಟಿನ ಗೊಡವಿನೇ ಬ್ಯಾಡ.

ಬೆಂಗಳೂರಾಗ ಕಲಬುರಗಿ
ಈ ಬೆಲೆಯ ಫೋನುಗಳಲ್ಲಿ ಮುಖ ಗುರುತು ಬರೀ ಮುಂದಿನ ಕ್ಯಾಮೆರಾದಿಂದ ನಡೆಯೋದು. ಕೆಲವನ್ನ ಫೋಟೋ ತೋರಿಸಿಯೂ ತೆರೆಯಬಹುದು, ನಿದ್ದೆಯಲ್ಲಿದ್ದವರ ಮುಖಕ್ಕೆ ಹಿಡಿದೂ ತೆರೆಯಬಹುದು. ಫೋನ್‌ಪೇ, ಗೂಗಲ್ ಪೇ ಇರೋ ಫೋನಿಗೆ ನಾನಂತೂ ಇಡಲ್ಲ. ತಾಯಿಯವರಿಗೆ ನೆನಪಿರೋ ಪಿನ್ ಇಡಿ, ಆದ್ರೆ ಅದು ಎಟಿಎಂ ಪಿನ್ನೂ ಆಗಬಾರದು, ಯುಪಿಐ ಪಿನ್ನೂ ಆಗಬಾರದು.

ಜೇವರ್ಗಿ ಟೀಚರ್
ಅಣ್ಣಾವ್ರೆ, ಮೂರು ಬ್ಯಾರೆ ಬ್ಯಾರೆ ಪಿನ್ ಇಟ್ರ ನಮ್ಮತ್ತಿ ಡೈರಿಯಾಗ ಬರದು ಫೋನ್ ಕವರಿನೊಳಗೇ ಇಡ್ತಾರ. ಅವರ ಫೋನಿನಾಗ ಯುಪಿಐ ಬ್ಯಾಡ ಅಂತ ಮನ್ಯಾಗ ಕುಂತು ಮಾತಾಡಿ ತೆಗದೇ ಬಿಟ್ಟೀವಿ. ಫೋನ್ ಮಾಡೋದು, ವಾಟ್ಸಾಪ್, ಭಜನಿ. ಅಷ್ಟು ಸಾಕು ಅವರಿಗೆ.

ಬಹಮನಿ ಕೋಟೆ
ಇದು ತಪ್ಪು ಅಕ್ಕೋರ. ಹಿರಿಯರಿಗೆ ರೊಕ್ಕದ ಆ್ಯಪ್ ಕಲಿಸಬೇಕು, ಕಸಗೊಳಬಾರದು. ನಮ್ಮವ್ವ ಕಾಯಿಪಲ್ಯೆದವ್ರಿಗೆ ತಾನೇ ಸ್ಕ್ಯಾನ್ ಮಾಡಿ ಕೊಡ್ತಾಳ. ಖಾತಿಯಾಗ ಎರಡು ಸಾವಿರ ಅಷ್ಟೇ ಇಡ್ತೀವಿ, ಹೋದ್ರೂ ಅಷ್ಟೇ ಹೋಗ್ತದ.

ಜೇವರ್ಗಿ ಟೀಚರ್
ಬ್ಯಾರೆ ಖಾತಿ ಮಾಡಿ ಸ್ವಲ್ಪೇ ರೊಕ್ಕ ಇಡೋದು ಛಲೋ ಅನಸ್ತದ. ಮನ್ಯಾಗ ಕೇಳಿ ನೋಡ್ತೀನಿ.

ಸುರಪುರ ಸೀಮಿ
ನೆಟ್‌ವರ್ಕ್ ಬಗ್ಗೆ ಯಾರಾದ್ರೂ ಹೇಳ್ರಿ. ನಾನೂ ಫೋನ್ ತೊಗೊಳ್ಳೋ ವಿಚಾರದಾಗಿದ್ದೀನಿ. ಯಾದಗಿರಿಯೊಳಗ 5ಜಿ ಬರ್ತದ, ನಮ್ಮ ಹಳ್ಯಾಗ ಒಂದು ಕಡ್ಡಿ ಬಂದು ಹೋಗ್ತದ.

ಸೇಡಂ ರೋಡ್
ಫೋನ್ ತೊಗೊಳೋಕಿಂತ ಮೊದಲ ಬ್ಯಾಂಡ್ ಪಟ್ಟಿ, ಅಂದ್ರ ಫೋನ್ ಯಾವ್ಯಾವ ಫ್ರೀಕ್ವೆನ್ಸಿ ಹಿಡೀತದ ಅನ್ನೋದು, ನೋಡು ತಮ್ಮಾ. ಹಳ್ಳಿಗೆ ಮುಖ್ಯ ಎನ್28, ಅಂದ್ರ 700 ಮೆಗಾಹರ್ಟ್ಸ್. ಕಡಿಮಿ ಫ್ರೀಕ್ವೆನ್ಸಿ ದೂರ ಹೋಗ್ತದ, ಗ್ವಾಡಿ ದಾಟಿ ಒಳಗೂ ಬರ್ತದ. 2022ರ ಹರಾಜಿನಾಗ ಇದನ್ನ ಜಿಯೋ ಒಬ್ಬರೇ ತೊಗೊಂಡಾರ. ಎನ್78 ವೇಗ ಜಾಸ್ತಿ, ಆದ್ರ ಟವರ್ ಹತ್ತರ ಇರಬೇಕು, ಅದು ಶಹರದಾಗ ನಡೀತದ. ಜಿಯೋ 5ಜಿ ಸ್ಟ್ಯಾಂಡ್‌ಅಲೋನ್ (ಎಸ್‌ಎ), ಅಂದ್ರ 4ಜಿ ಆಸರಿ ಇಲ್ಲದೇ ನಡಿಯೋದು, ಏರ್‌ಟೆಲ್ ಶುರು ಮಾಡಿದ್ದು 4ಜಿ ಆಸರಿ ಮ್ಯಾಲ ನಡಿಯೋ ಎನ್‌ಎಸ್‌ಎ. ಫೋನ್‌ನಾಗ ಎಸ್‌ಎ, ಎನ್‌ಎಸ್‌ಎ ಎರಡೂ ಇರ್ಲಿ. ಬಿಎಸ್‌ಎನ್‌ಎಲ್ ಸಿಮ್ ಇಟ್ಟಾವ್ರು 4ಜಿ ಬ್ಯಾಂಡ್ 28 ಅದನೋ ನೋಡ್ಕೊಳ್ರಿ, ಅವರ 4ಜಿನೂ 700ರ ಮ್ಯಾಲ ಅದ.

ಒಂದೇ ಕಡ್ಡಿ ಬರೋ ಜಾಗದಾಗ 5ಜಿ ಬಂದ್ ಮಾಡಿ 4ಜಿಗೆ ಇಡು. ಫೋನ್ 5ಜಿ ಹುಡುಕ್ಕೋತ ಹುಡುಕ್ಕೋತ ಬ್ಯಾಟರಿ ತಿಂತದ, ಬಿಸಿನೂ ಆಗ್ತದ. ಭೀಮಾ ದಂಡಿ, ನೀನೂ ಇದು ಮಾಡಿ ನೋಡು, ನಿನ್ನ ಚಾರ್ಜಿಂಗ್ ತಕರಾರಿಗೂ ಇದು ಹತ್ತರದ್ದೇ.

ಬೆಂಗಳೂರಾಗ ಕಲಬುರಗಿ
ಒಂದು ಕೇಳ್ತೀನಿ, ಬೇಜಾರಾಗಬೇಡಿ. ಆನ್‌ಲೈನಲ್ಲಿ ಸೇಲ್ ಬಂದಾಗ ಇದೇ ಥರದ ಫೋನ್ ಒಂದೆರಡು ಸಾವಿರ ಕಮ್ಮಿಗೆ ಸಿಗತ್ತೆ. ಅಂಗಡಿಗೆ ಯಾಕೆ ಹೋದ್ರಿ?

ಭೀಮಾ ದಂಡಿ
ಅಣ್ಣಾ, ನಮ್ಮೂರಿಗೆ ಡೆಲಿವರಿ ಹುಡುಗ ಬರಲ್ಲ, ತಾಲೂಕಿಗೆ ಹೋಗಿ ತರಬೇಕು. ಅಂಗಡಿಯಾಗ ಕೈಯಾಗ ಹಿಡದು ನೋಡಿದೆ, ಹಳೀ ಫೋನಿನ ಫೋಟೋ ಎಲ್ಲಾ ಅಲ್ಲೇ ಹೊಸದಕ್ಕ ಹಾಕಿ ಕೊಟ್ರು, ಚಹಾ ಕುಡಿಸಿದ್ರು. ನಾಳೆ ಏನಾರ ಆದ್ರ ಹೋಗಿ ಮುಂದ ನಿಂತು ಕೇಳ್ಲಕ ಒಬ್ಬ ಮನಶ್ಯಾ ಇದ್ದಾನ.

ತೊಗರಿ ರಾಶಿ
ಇದು ಬೆಂಗಳೂರಾಗ ಇದ್ದಾವ್ರಿಗೆ ತಿಳಿಯೋದಿಲ್ಲ.

ಬೆಂಗಳೂರಾಗ ಕಲಬುರಗಿ
ಕಾಕಾ, ನಾನೂ ಆಳಂದ ತಾಲೂಕಿನವನೇ, ತಿಳಿಯತ್ತೆ. ನಮ್ಮಪ್ಪ ಒಂದು ಕ್ವಿಂಟಲ್ ತೊಗರಿ ಮಾರಿ ಬಂದ ರೊಕ್ಕದಲ್ಲಿ ಎರಡು ಸಾವಿರ ಉಳಿದ್ರೆ ಅದು ಎಷ್ಟು ದೊಡ್ಡದು ಅನ್ನೋದೂ ಗೊತ್ತು. ಅದಕ್ಕೇ ಕೇಳಿದ್ದು.

ತೊಗರಿ ರಾಶಿ
ಹಂಗಂದ್ರ ಮಾತಿಲ್ಲ ತಮ್ಮಾ. ಆಳಂದ ಕಡಿ ಈ ವರ್ಷ ತೊಗರಿ ಹ್ಯಾಂಗ ಬಂತು? ನಮ್ಮಲ್ಲಿ ಹೂ ಬಿಡೋ ಹೊತ್ತಿಗೆ ಮಳಿ ಹಿಡೀತು, ಅರ್ಧ ಹೂ ನೆಲಕ್ಕ.

ಬೆಂಗಳೂರಾಗ ಕಲಬುರಗಿ
ನಮ್ಮಲ್ಲೂ ಅಷ್ಟೇ ಕಾಕಾ. ಗಿಡ ಒಣಗೋ ನೆಟೆ ರೋಗ ಬೇರೆ. ಅಪ್ಪ ಫೋನಲ್ಲಿ ದಿನಾ ಎಪಿಎಂಸಿ ದರ ನೋಡ್ತಾರೆ, ಏರಲಿಲ್ಲ ಅಂತ ಮಾಲು ಇನ್ನೂ ಮನೆಯಲ್ಲೇ ಇದೆ.

ಫರಸಿ ಕಲ್ಲು
ತೊಗರಿ ಮಾತು ಬ್ಯಾರೆ ಕಡಿ ಮಾಡ್ರಿಪಾ. ಫೋನ್ ಮಾತಿಗೆ ಒಂದು ಸೇರಸ್ತೀನಿ, ಧೂಳು. ನಾನು ಕಲ್ಲು ಪಾಲಿಶ್ ಮಾಡೋ ಕಡಿ ಕೆಲಸ ಮಾಡ್ತೀನಿ. ಬಿಳಿ ಪುಡಿ ಚಾರ್ಜಿಂಗ್ ಹೋಲ್‌ನಾಗ ಕುಂತು ಗಟ್ಟಿ ಆಗ್ತದ, ಪಿನ್ ಪೂರಾ ಒಳಗ ಹೋಗಲ್ಲ. ತೊಗೊಳೋವಾಗ ಐಪಿ ನಂಬರ್ ನೋಡ್ರಿ. ಮೊದಲ ಅಂಕಿ ಧೂಳಿಂದು. 5 ಇದ್ರ ಸ್ವಲ್ಪ ಧೂಳು ಹೊಕ್ಕರೂ ಕೆಲಸ ಕೆಡಲ್ಲ ಅಂತ, 6 ಇದ್ರ ಧೂಳು ಫೋನಿನ ಒಳಗ ಹೋಗೋದೇ ಇಲ್ಲ ಅಂತ, ಹೋಲ್‌ನಾಗ ಮಾತ್ರ ಕುಂಡ್ರಬಹುದು. ಎರಡನೇ ಅಂಕಿ ನೀರಿಂದು. ಐಪಿ54, ಐಪಿ64 ಎರಡರಾಗೂ ನೀರಿಂದು ಒಂದೇ, ಧೂಳಿಂದು ಫರಕ. ಕ್ರಷರ್, ಸಿಮೆಂಟ್ ಫ್ಯಾಕ್ಟರಿ, ರಾಶಿ ಮಷೀನ್ ಕಡಿ ದುಡಿಯಾವ್ರು 6 ಇರೋದೇ ನೋಡ್ರಿ.

ಹೋಲ್ ಸ್ವಚ್ಛ ಮಾಡ್ಲಕ ಸೂಜಿ, ಪಿನ್ನು ಹಾಕಬ್ಯಾಡ್ರಿ. ಫೋನ್ ಬಂದ್ ಮಾಡಿ ಕಟಗಿ ಟೂಥ್‌ಪಿಕ್‌ಲೆ ಹಗರಕ ತೆಗೀರಿ.

ರಿಪೇರಿ ಟೇಬಲ್
ಸೂಜಿ ಹಾಕಿ ಒಳಗಿನ ಪಿನ್ ಮುರಕೊಂಡು ಬರಾವ್ರು ವಾರಕ್ಕ ಒಬ್ಬರಾದ್ರೂ ಇರ್ತಾರ. ಇವ್ರು ಹೇಳಿದ್ದು ಕೇಳ್ರಿ.

ಭೀಮಾ ದಂಡಿ
ಎಲ್ಲಾರಿಗೂ ಥ್ಯಾಂಕ್ಸ್ ರಿ. ಬೆಳಿಗ್ಗಿ ತಂಪಿನಾಗ ರಿಪೇರಿ ಟೇಬಲ್ ಅಣ್ಣ ಹೇಳಿದಂಗ ಹಚ್ಚಿದೆ, ಒಂದು ಸಲನೂ ನಿಲ್ಲದೇ ತುಂಬಿತು. ಊರಾಗ 4ಜಿಗೆ ಇಟ್ಟ ಮ್ಯಾಲ ಕಿಸೆಯಾಗ ಬಿಸಿ ಆಗೋದೂ ಕಡಿಮಿ ಆಗ್ಯಾದ. ಪೀಸ್ ಚೊಕ್ಕ ಅದ, ಬದಲಿ ಮಾಡಸಲ್ಲ. ಆದ್ರ ಬಹಮನಿ ಕೋಟೆ ಅಣ್ಣ ಹೇಳಿದ್ದು ನಾನು ಬಿಡೋದಿಲ್ಲ. ನಮ್ಮ ಹವಾಕ್ಕ ಫೋನ್ ಹ್ಯಾಂಗ ನಡೀತದ ಅಂತ ಡಬ್ಬಿ ಮ್ಯಾಲ ಬರೀಬೇಕು. ಕಂಪನಿಗೂ ಇದೇ ಮಾತು ಬರದು ಕಳಿಸೀನಿ. ಅವ್ವನ ಬಟ್ಟಿಗೆ ಸಂಜಿಗೆ ಎಣ್ಣಿ ಹಚ್ಚಿ ನೋಡ್ತೀವಿ ಅಕ್ಕೋರ.

ಇನ್ನೊಂದು ಕೇಳೋದದ. ಅಪ್ಪನ ಹಳೀ ಫೋನಿನ ವಾಟ್ಸಾಪ್ ಮಾತು, ವಾಯ್ಸ್ ಮೆಸೇಜ್ ಎಲ್ಲಾ ಹೊಸದಕ್ಕ ತರಬೇಕು. ಗೂಗಲ್ ಡ್ರೈವ್ ತುಂಬ್ಯಾದ ಅಂತ ತೋರಸ್ತದ. ನಮ್ಮ ಮುತ್ಯಾನ ದನಿ ಅದರಾಗ ಅದ, ಅದು ಹೋಗಬಾರದು.

ಸೇಡಂ ರೋಡ್
ವಾಟ್ಸಾಪ್ ಬ್ಯಾಕಪ್ 2024ರಿಂದ ಡ್ರೈವ್‌ನ 15 ಜಿಬಿ ಲೆಕ್ಕಕ್ಕ ಬರ್ತದ, ಅದಕ್ಕ ತುಂಬ್ಯಾದ. ಡ್ರೈವ್ ಇಲ್ಲದೇನೂ ಆಗ್ತದ. ಎರಡೂ ಫೋನ್ ಬಾಜೂಕ ಇಟ್ಕೋ, ಎರಡರಾಗೂ ವೈಫೈ, ಲೊಕೇಶನ್ ಆನ್ ಇರ್ಲಿ. ಹಳೀದರಾಗ ವಾಟ್ಸಾಪ್ ಸೆಟ್ಟಿಂಗ್ಸ್, ಚಾಟ್ಸ್, ಟ್ರಾನ್ಸ್‌ಫರ್ ಚಾಟ್ಸ್ ಒತ್ತು. ಹೊಸದರಾಗ ಅದೇ ನಂಬರ್ ಹಾಕಿ ಶುರು ಮಾಡಿದ್ರ ಕ್ಯೂಆರ್ ಕೋಡ್ ಬರ್ತದ, ಹಳೀ ಫೋನ್‌ಲೆ ಸ್ಕ್ಯಾನ್ ಮಾಡು. ಮುಗಿಯೋತನಕ ಎರಡೂ ಫೋನ್ ಮುಟ್ಟಬ್ಯಾಡ.

ರಿಪೇರಿ ಟೇಬಲ್
ಮುತ್ಯಾನ ದನಿ ಇರೋ ಫೈಲ್ ಮೊದಲ ಬ್ಯಾರೆ ತೆಗದಿಟ್ಕೋ ತಮ್ಮಾ. ಆ ಮೆಸೇಜ್ ಒತ್ತಿ ಹಿಡದು, ಶೇರ್ ಮಾಡಿ ಇಮೇಲ್‌ಗೆ ಒಂದು, ಪೆನ್‌ಡ್ರೈವಿಗೆ ಒಂದು ಹಾಕು. ಆಮ್ಯಾಲ ಟ್ರಾನ್ಸ್‌ಫರ್ ಮಾಡು. ಹೊಸದರಾಗ ಹಚ್ಚಿ ಕೇಳಿ ಖಾತ್ರಿ ಮಾಡ್ಕೊಳ್ಳೋತನಕ ಹಳೀ ಫೋನ್ ರೀಸೆಟ್ ಮಾಡಬ್ಯಾಡ, ಯಾರಿಗೂ ಕೊಡಬ್ಯಾಡ.